ಹಳೇ ಸ್ವಿಫ್ಟ್ ಟ್ರ್ಯಾಕಿಗೆ ಇಳಿಸೋ ಮುಂಚೆ

ಚೆನ್ನೈನಿಂದ ಊರಿಗೆ ಹೊರಟಾಗ ಶ್ರೀಪೆರಂಬುದೂರು ಹತ್ರ ಹೆದ್ದಾರಿ ಪಕ್ಕದಲ್ಲೇ ಇರುಂಗಾಟುಕೋಟೈ ರೇಸ್ ಟ್ರ್ಯಾಕ್ ಸಿಗುತ್ತಲ್ಲ, ಅಲ್ಲಿ ಹಳೇ ಸ್ವಿಫ್ಟ್ ಓಡಿಸೋಕೆ ಎಂಜಿನ್‌ಗೆ ಏನು ಮಾಡಿಸಬೇಕು ಅಂತ ತುಂಬಾ ಜನ ಕೇಳ್ತೀರಿ. ಎಂಜಿನ್ ಹಾಗೇ ಇರಲಿ, ನಾನು ಮೊದಲು ದುಡ್ಡು ಹಾಕೋದು ಬ್ರೇಕಿಗೆ.

ಒಂದು ಲ್ಯಾಪ್ ಸುಮಾರು 3.7 ಕಿಲೋಮೀಟರ್. ಡಿಸ್ಕ್ ತಣ್ಣಗಾಗೋ ಮುಂಚೆ ಮುಂದಿನ ತಿರುವು ಬಂದಿರುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಚೆನ್ನೈ ಗಾಳಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯೋ ಮಟ್ಟ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ್ದಕ್ಕೆ 155 ಇದ್ರೂ ಸಾಕು ಅನ್ನುತ್ತೆ ಮಾನದಂಡ. ಕುದ್ದರೆ ಒಳಗೆ ಆವಿಯ ಗುಳ್ಳೆ. ಆಯಿಲ್ ಕುಗ್ಗಲ್ಲ, ಆವಿ ಕುಗ್ಗುತ್ತೆ. ಪೆಡಲ್ ನೆಲಕ್ಕೆ ಹೋಗುತ್ತೆ, ಕಾರು ಮಾತ್ರ ನಿಲ್ಲಲ್ಲ. ಅದಕ್ಕೇ ಸೀಲ್ ಒಡೆಯದ ಡಬ್ಬದಿಂದ ಪೂರ್ತಿ ಹೊಸ ಆಯಿಲ್ ಹಾಕಿಸಿ, ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆಸಿ. ಪ್ಯಾಡ್ ಅರ್ಧ ಸವೆದಿದ್ರೆ ಅದನ್ನೂ ಬದಲಿಸಿ.

ಆಮೇಲೆ ಟೈರ್. ಪಕ್ಕದಲ್ಲಿ 2319 ಅಂತಿದ್ರೆ 2019ರ 23ನೇ ವಾರದ್ದು. ಗುಂಡಿ ಆಳ ಇದ್ರೂ ರಬ್ಬರ್ ಗಟ್ಟಿಯಾಗಿದ್ರೆ ಹಿಡಿತ ಇರಲ್ಲ.

ಸ್ಟೆಪ್ನಿ, ಜಾಕ್, ಡ್ರೈವರ್ ಕಡೆ ಮ್ಯಾಟ್ ತೆಗೆದಿಡಿ. ಬ್ಯಾಟರಿ ಕ್ಲಾಂಪ್ ಅಲ್ಲಾಡಿಸಿ ನೋಡಿ. ರೇಸಿಗೇ ಇಳಿಯೋದಾದ್ರೆ ಎಫ್‌ಎಂಎಸ್‌ಸಿಐ ಲೈಸೆನ್ಸ್, ರೋಲ್ ಕೇಜ್ ಎಲ್ಲ ಬೇಕು; ಸೋಮವಾರ ಅದೇ ಕಾರಲ್ಲಿ ಆಫೀಸಿಗೆ ಹೋಗೋ ಆಸೆ ಬಿಡಿ.

ಕೊನೇ ಲ್ಯಾಪ್ ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೀಬೇಡಿ. ಗೇರಲ್ಲಿ ನಿಲ್ಲಿಸಿ, ಚಕ್ರಕ್ಕೊಂದು ಕಲ್ಲು ಕೊಡಿ.