ಆ ತಲೆ ಯಾರದು?

ವಿಡಿಯೊ ಗೇಮ್ ಆಡುವವರಿಗೆ ಆಟ ಮುಗಿದ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ: ಮುಸುಕಿನ ಪಾತ್ರ ಯಾರದು, ಸತ್ತವನು ನಿಜಕ್ಕೂ ಸತ್ತನೇ ಎಂಬ ತರ್ಕ. 1998ರ ‘ಹಾಫ್ ಲೈಫ್’ನಲ್ಲಿ ಬ್ರೀಫ್‌ಕೇಸ್ ಹಿಡಿದು ಅಲ್ಲಲ್ಲಿ ಇಣುಕಿ ಮಾಯವಾಗುವ ಜಿ-ಮ್ಯಾನ್, ಭವಿಷ್ಯದಿಂದ ಬಂದ ನಾಯಕ ಗಾರ್ಡನ್ ಫ್ರೀಮನ್ನನೇ ಎಂದು ವಾದಿಸುವವರಿದ್ದಾರೆ. ಅದೇ ವರ್ಷದ ‘ಜೆಲ್ಡಾ’ ಆಟದಲ್ಲಿ ಮುಖ ಮುಚ್ಚಿಕೊಂಡು ಓಡಾಡುವ ಶೀಕ್ ಕೊನೆಗೆ ರಾಜಕುಮಾರಿ ಜೆಲ್ಡಾಳೇ ಎಂದು ಬಯಲಾಗುತ್ತದೆ. ಗುಟ್ಟು ಬಿಟ್ಟುಕೊಟ್ಟ ಆಟಕ್ಕಿಂತ ಬಿಡದ ಆಟದ ಮೇಲೆಯೇ ಜಗಳ ಜಾಸ್ತಿ.

ಬಂಡ್ರಿ, ಸಂಡೂರು, ಕಂಪ್ಲಿಯ ಸೀಮೆಗೆ ಈ ಚಟ ಹೊಸದಲ್ಲ. ಇಲ್ಲಿ ಕುಮಾರರಾಮನಿದ್ದಾನೆ. ಕಂಪಿಲರಾಯನ ಮಗ, ಕುಮ್ಮಟದುರ್ಗದ ವೀರ. ಹದಿನಾರನೇ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯದಲ್ಲಿ ಹೇಳಿದ, ಜನಪದರು ಹಾಡಿಕೊಂಡು ಬಂದ ಕಥೆ ಇದು: ಚೆಂಡು ತರಲು ಚಿಕ್ಕತಾಯಿ ರತ್ನಾಜಿಯ ಅರಮನೆಗೆ ಹೋದ ರಾಮ ಅವಳ ಆಸೆಗೆ ಒಪ್ಪುವುದಿಲ್ಲ. ಅವಳು ಚಾಡಿ ಹೇಳುತ್ತಾಳೆ, ತಂದೆ ತಲೆ ಕಡಿಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆ ತಲೆ ತೋರಿಸುತ್ತಾನೆ. ದಿಲ್ಲಿಯ ದಂಡು ಬಂದು ರಾಯ ಕಂಗಾಲಾದಾಗಲೇ ‘ಸತ್ತ’ ಮಗ ಎದ್ದು ಬರುವುದು.

ಕೇಳುಗರಿಗೆ ಮಾತ್ರ ಗುಟ್ಟು ಮೊದಲೇ ಗೊತ್ತು. ಗೊತ್ತಿಲ್ಲದವರು ಕಥೆಯೊಳಗಿನ ರಾಯ, ರತ್ನಾಜಿಯರು. ಯಾರದೋ ತಲೆ ನಂಬಿ ತಂದೆ ಅಳುವುದನ್ನು ಕೇಳುತ್ತ ಕೂರುವ ರುಚಿಯೇ ಬೇರೆ. ಕೊನೆಯಲ್ಲಿ ಪರದೆ ಸರಿಸಿ ಬೆಚ್ಚಿಬೀಳಿಸುವ ತಂತ್ರ ಇದರ ಮುಂದೆ ನನಗೆ ಸಪ್ಪೆ ಅನಿಸುತ್ತದೆ.

ಕಾವ್ಯ ಮುಚ್ಚಿಡದ್ದನ್ನು ಇತಿಹಾಸ ಮುಚ್ಚಿಟ್ಟಿದೆ. ತಿರುಗಿಬಿದ್ದ ಬಹಾಉದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟ ತಪ್ಪಿಗೆ ಮಹಮ್ಮದ್ ಬಿನ್ ತುಘಲಕ್‌ನ ಸೇನೆ 1327ರ ಸುಮಾರಿಗೆ ಕಂಪಿಲಿಯನ್ನು ಮುಗಿಸಿತು. ಹೆಂಗಸರು ಬೆಂಕಿಗೆ ಹಾರಿದರು, ರಾಯ ಹೋರಾಡಿ ಸತ್ತ, ಅವನ ಹನ್ನೊಂದು ಮಕ್ಕಳು ಸೆರೆಸಿಕ್ಕು ದಿಲ್ಲಿಗೆ ಹೋಗಿ ಮುಸ್ಲಿಮರಾದರು ಎಂದು ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಅವರಲ್ಲಿ ಮೂವರನ್ನು ತಾನೇ ಕಂಡೆ ಎನ್ನುತ್ತಾನೆ. ರಾಮ ಎಂಬ ಹೆಸರು ಅಲ್ಲಿಲ್ಲ. ನಮ್ಮ ಹಾಡುಗಳಲ್ಲಂತೂ ಅವನು ಕಡೆಯ ಕಾಳಗದಲ್ಲಿ ದಿಲ್ಲಿಯಿಂದ ಬಂದ ದಂಡನಾಯಕಿ ಮಾತಂಗಿಯ ದಂಡಿನೆದುರು ಬೀಳುತ್ತಾನೆ.

ಇಂಥ ಸಂದಿ ಸಿಕ್ಕರೆ ವಿದ್ವಾಂಸರೂ ಸುಮ್ಮನಿರುವವರಲ್ಲ. ವಿಜಯನಗರ ಕಟ್ಟಿದ ಹಕ್ಕ-ಬುಕ್ಕರು ಯಾರು? ಓರುಗಲ್ಲಿನಿಂದ ಕಂಪಿಲಿಗೆ ಬಂದು, ಸೆರೆಸಿಕ್ಕು ದಿಲ್ಲಿಯಲ್ಲಿ ಮತಾಂತರಗೊಂಡು, ಸುಲ್ತಾನನ ಪ್ರತಿನಿಧಿಗಳಾಗಿ ಮರಳಿದವರು ಎಂಬುದು ಎನ್. ವೆಂಕಟರಮಣಯ್ಯನವರ ಕಡೆಯ ವಾದ. ಅಲ್ಲ, ಇವರು ಕನ್ನಡ ನೆಲದವರೇ, ಹೊಯ್ಸಳರ ಕಡೆಯವರು ಎಂದು ಫಾದರ್ ಹೆರಾಸ್, ಸಾಲೆತ್ತೂರರು ಪಟ್ಟು ಹಿಡಿದರು. ಶಾಸನಗಳು ಸಂಗಮನ ಮಕ್ಕಳೆಂದು ಹೇಳುತ್ತವೆ. ಅದರಾಚೆಯ ಪೂರ್ವವೃತ್ತಾಂತದಲ್ಲಿ ಊಹೆಯೇ ಹೆಚ್ಚು, ಮತ್ತು ಅದರಲ್ಲಿ ತೆಲುಗು-ಕನ್ನಡ ಅಭಿಮಾನದ ಪಾಲೂ ಸಾಕಷ್ಟಿದೆ.

ಈ ಸೀಮೆಯ ಯಾರಾದರೂ ಹುಡುಗ ಮುಂದೆ ಕುಮ್ಮಟದುರ್ಗವನ್ನೇ ಗೇಮ್ ಮಾಡುವುದಾದರೆ ನನ್ನದೊಂದು ಬೇಡಿಕೆಯಿದೆ. ಆಡುವವರ ಕೈಗೆ ಕುಮಾರರಾಮನನ್ನು ಕೊಡಬೇಡಿ. ಕತ್ತಿ ಬೀಸುವ ಆಟಗಳು ಬೇಕಾದಷ್ಟಿವೆ. ಬೈಚಪ್ಪನನ್ನು ಕೊಡಿ. ನೆಲಮಾಳಿಗೆಗೆ ಗುಟ್ಟಾಗಿ ಅನ್ನ ಸಾಗಿಸಬೇಕು, ರತ್ನಾಜಿಯ ಕಣ್ಣು ತಪ್ಪಿಸಬೇಕು, ಅಳುವ ರಾಯನ ಪಕ್ಕದಲ್ಲಿ ತಾನೂ ಅಳಬೇಕು.