ಲೈಫ್ ಜಾಕೆಟ್ ದಿಂಬಲ್ಲ: ಕಯಾಕ್ ಇಟ್ಟುಕೊಂಡವರು ಗಮನಿಸಬೇಕಾದ ವಿಷಯಗಳು

ಹೊನ್ನಾವರ: ಶರಾವತಿ ಹಿನ್ನೀರಿನ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ಓಡಿಸೋಕೆ ಪ್ರವಾಸಿಗರು ಬರುತ್ತಾರೆ. ಅದೇ ಕಯಾಕ್ ಉಳಿದ ದಿನ ಗಾಳ ಹಾಕೋಕೆ, ಆಚೆ ದಡಕ್ಕೆ ಸಾಮಾನು ಒಯ್ಯೋಕೂ ಆಗುತ್ತದೆ. ಆಗ ಲೈಫ್ ಜಾಕೆಟ್ ಕೂರುವ ದಿಂಬಾಗುತ್ತದೆ, ರಕ್ಷಣೆಯ ಹಗ್ಗ ಹೊರೆ ಕಟ್ಟೋಕೆ ಹೋಗುತ್ತದೆ. ತೊಂದರೆ ಶುರುವಾಗೋದು ಇಲ್ಲಿಂದಲೇ.

ಜಾಕೆಟ್ ಹಾಳಾಗೋದು ಹೇಗೆ?

ಜಾಕೆಟ್ ಒಳಗಿನ ಫೋಮ್‌ನಲ್ಲಿರುವ ಸಣ್ಣ ಸಣ್ಣ ಗಾಳಿಗೂಡುಗಳೇ ಮನುಷ್ಯನನ್ನು ತೇಲಿಸೋದು. ದಿನಾ ಅದರ ಮೇಲೆ ಕೂತರೆ, ಭಾರ ಹೇರಿಟ್ಟರೆ ಫೋಮ್ ಚಪ್ಪಟೆಯಾಗಿ ತೇಲಿಸುವ ಶಕ್ತಿ ಕಡಿಮೆಯಾಗುತ್ತದೆ. ಬಿಸಿಲಿಗೆ ಬಟ್ಟೆ, ಪಟ್ಟಿ, ಹೊಲಿಗೆ ಸಡಿಲವಾಗುತ್ತವೆ. ಕಿತ್ತಳೆ ಬಣ್ಣ ತೀರಾ ಮಾಸಿದ್ದರೆ ಪಟ್ಟಿಯನ್ನು ಜೋರಾಗಿ ಎಳೆದು ನೋಡಬೇಕು. ಉಪ್ಪು, ಮರಳು ಸೇರಿದ ಬಕಲ್ ಸರಿಯಾಗಿ ಕೂರೋದಿಲ್ಲ.

ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ತೂಗುಹಾಕಿದರೆ ಸಾಕು. ಬ್ಲೀಚ್, ಪೆಟ್ರೋಲ್, ಸೀಮೆಎಣ್ಣೆ ತಾಗಿಸಬಾರದು.

ಪರೀಕ್ಷೆ ಮಾಡೋದು ಹೇಗೆ?

ಜೊತೆಗೆ ಈಜು ಬಲ್ಲ ಒಬ್ಬರನ್ನು ನಿಲ್ಲಿಸಿಕೊಂಡು, ಹರಿವಿಲ್ಲದ ಸೊಂಟಮಟ್ಟದ ನೀರಲ್ಲಿ ಜಾಕೆಟ್ ಬಿಗಿಯಾಗಿ ಕಟ್ಟಿ ಕಾಲು ಮೇಲೆತ್ತಬೇಕು. ಗಲ್ಲ ನೀರಿನಿಂದ ಮೇಲಿದ್ದರೆ ಸರಿ. ಬಾಯಿಗೆ ನೀರು ಬಂದರೆ ಆ ಜಾಕೆಟ್ ಬೇಡ. ಮಕ್ಕಳಿಗೆ ಹಾಕಿದಾಗ ಭುಜದ ಪಟ್ಟಿ ಹಿಡಿದು ಎತ್ತಿ ನೋಡಿ. ಜಾಕೆಟ್ ಕಿವಿವರೆಗೆ ಜಾರಿದರೆ ಅದು ದೊಡ್ಡದಾಯಿತು ಎಂದೇ ಅರ್ಥ.

ಕೊಳ್ಳುವವರೂ ಮಾರುವವರೂ ಒಳಗಿನ ಚೀಟಿ ಓದಬೇಕು. 50 ನ್ಯೂಟನ್ ಎಂದಿದ್ದರೆ ಅದು ಈಜು ಬರುವವರಿಗೆ, ಹತ್ತಿರದಲ್ಲೇ ಸಹಾಯ ಸಿಗುವ ಜಾಗಕ್ಕೆ. ಈಜು ಬಾರದವರಿಗೆ 100 ನ್ಯೂಟನ್ ಅಥವಾ ಹೆಚ್ಚಿನದು ಬೇಕು. ಚೀಟಿಯೇ ಇಲ್ಲದ್ದನ್ನು ಅಗ್ಗಕ್ಕೆ ಸಿಕ್ಕಿತು ಅಂತ ತರಬಾರದು.

ಹಗ್ಗ, ಸೀಟಿ

ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗ ತೇಲುವಂಥದ್ದಾಗಿರಬೇಕು. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ನೈಲಾನ್ ಮುಳುಗುತ್ತದೆ. ಅಂಗಡಿಯಲ್ಲೇ ಒಂದು ತುಂಡನ್ನು ಬಕೆಟ್ ನೀರಿಗೆ ಹಾಕಿದರೆ ಗೊತ್ತಾಗುತ್ತದೆ. ಹೊರೆ ಕಟ್ಟಿದ ಹಗ್ಗದಲ್ಲಿ ಗಂಟು ಉಳಿದಿದ್ದರೆ ಎಸೆಯುವಾಗ ಚೀಲದಿಂದ ಬಿಚ್ಚಿಕೊಳ್ಳೋದಿಲ್ಲ. ಹಗ್ಗವನ್ನು ಸುತ್ತಿ ಇಡಬಾರದು, ಒಂದು ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ತುರುಕಬೇಕು. ಮನೆಗೆಲಸಕ್ಕೆ ಬೇರೆ ಬಣ್ಣದ ಹಗ್ಗ ಇಟ್ಟುಕೊಂಡರೆ ಅದಲು ಬದಲಾಗೋದಿಲ್ಲ.

ಸೀಟಿ ಜಾಕೆಟ್‌ಗೇ ಕಟ್ಟಿರಲಿ. ಒಳಗೆ ಗುಂಡು ಇಲ್ಲದ ಸೀಟಿ ಒಳ್ಳೆಯದು, ಒದ್ದೆಯಾದರೂ ಗುಂಡು ಸಿಕ್ಕಿಕೊಳ್ಳುವ ಭಯವಿಲ್ಲ.

ಮಳೆಗಾಲದಲ್ಲಿ ಮೂಲೆ ಸೇರಿದ ಜಾಕೆಟ್‌ಗೆ ಬೂಷ್ಟು ಹಿಡಿಯುತ್ತದೆ, ಇಲಿಯೂ ಕಡಿಯುತ್ತದೆ. ಮಳೆ ಮುಗಿದ ಮೇಲೆ ಮೊದಲ ಪ್ರವಾಸಿಗೆ ಕೊಡುವ ಮುಂಚೆ ಎಲ್ಲವನ್ನೂ ಒಮ್ಮೆ ಪರೀಕ್ಷಿಸಿ, ಆ ತಾರೀಖನ್ನು ಜಾಕೆಟ್‌ನ ಒಳಭಾಗದಲ್ಲೇ ಬರೆದಿಡುವುದು ಒಳ್ಳೆಯದು.