ನದಿಯ ಬಗ್ಗಡಕ್ಕೊಂದು ಲೆಕ್ಕ

ಆಷಾಢದಲ್ಲಿ ಹೊನ್ನಾಳಿಯ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡಿದವರಿಗೆ ಹೊಸ ನೀರಿನ ಕೆಂಬಣ್ಣ ಪರಿಚಿತವೇ. ಅದು ನೀರಿನಲ್ಲಿ ತೇಲಿಬರುವ ಮಣ್ಣಿನ ಕಣಗಳ ಬಣ್ಣ. ಇದರಲ್ಲಿ ಮಳೆ ತಾನಾಗಿ ತೊಳೆದು ತಂದುದೆಷ್ಟು, ಮನುಷ್ಯನು ಅಗೆದುದರಿಂದ ಬಂದುದೆಷ್ಟು? ಕಣ್ಣು ಇದಕ್ಕೆ ಉತ್ತರ ಹೇಳಲಾರದು.

ಪ್ರಶ್ನೆಯೇನೋ ನಮಗೆ ಹತ್ತಿರದ್ದೇ. ಭದ್ರೆಯು ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ಲಕ್ಕವಳ್ಳಿಯ ಜಲಾಶಯದಲ್ಲಿ ನಿಂತ ಅದರ ನೀರು ನಾಲೆಗಳ ಮೂಲಕ ಚನ್ನಗಿರಿಯ ಗದ್ದೆ ತೋಟಗಳಿಗೆ ಹರಿಯುತ್ತದೆ. ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು ನ್ಯಾಮತಿ, ಹೊನ್ನಾಳಿ ತಾಲ್ಲೂಕುಗಳನ್ನು ಹಾಯುತ್ತದೆ. ಈಚೆಗೆ ಏತ ಯೋಜನೆಯಿಂದ ಬಯಲುಸೀಮೆಯ ಜಗಳೂರಿನ ಕೆರೆಗಳಿಗೂ ಏರಿದೆ. ಈ ನದಿಯ ಮೇಲ್ಭಾಗದಲ್ಲಿಯೇ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಇದ್ದುದು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಅದಕ್ಕೆ ಮೊದಲು, ಗಣಿಯಿಂದ ನದಿಗೆ ಸೇರುವ ಹೂಳೆಷ್ಟು ಎಂಬ ವಾದ ವರ್ಷಗಟ್ಟಲೆ ನಡೆದಿತ್ತು. ಹೂಳಿನ ಬಹುಭಾಗ ತಂಗುವುದು ಜಲಾಶಯದ ತಳದಲ್ಲಿ. ಅಷ್ಟರಮಟ್ಟಿಗೆ ನೀರಿನ ಜಾಗ ಕಡಮೆಯಾದಂತೆಯೇ.

ತಿಂಗಳಿಗೊಮ್ಮೆ ಸೀಸೆಯಲ್ಲಿ ನೀರು ತುಂಬಿ ಪರೀಕ್ಷಿಸಿದರೆ ಸಾಲದೆ? ಒಂದು ಲೆಕ್ಕ ಮಾಡಿ ನೋಡೋಣ. ಬೇಸಗೆಯಲ್ಲಿ ಒಂದು ಹೊಳೆ ಸೆಕೆಂಡಿಗೆ 10 ಘನ ಮೀಟರ್ ಹರಿಯುತ್ತಿದೆ, ಲೀಟರಿಗೆ 20 ಮಿಲಿಗ್ರಾಂ ಹೂಳಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸಾಗುವ ಹೂಳು ಸುಮಾರು 17 ಟನ್. ಮಳೆಗಾಲದ ಒಂದು ರಾತ್ರಿ ಅದೇ ಹೊಳೆ ಸೆಕೆಂಡಿಗೆ 200 ಘನ ಮೀಟರಿಗೆ ಉಕ್ಕಿ, ಲೀಟರಿಗೆ 3,000 ಮಿಲಿಗ್ರಾಂ ಹೂಳನ್ನು ಹೊತ್ತಿತೆನ್ನಿ. ಆರೇ ಗಂಟೆಗಳಲ್ಲಿ ಸುಮಾರು 13,000 ಟನ್! ಬೇಸಗೆಯ ಹರಿವು ಇಷ್ಟನ್ನು ಸಾಗಿಸಲು ಎರಡು ವರ್ಷ ಬೇಕು. ಆ ರಾತ್ರಿ ಸೀಸೆ ಹಿಡಿದು ದಡಕ್ಕೆ ಹೋಗುವವರು ಯಾರು? ಹೋದರೂ ಅಪಾಯವೇ.

ಈ ಕೊರತೆಯನ್ನು ತುಂಬುವುದು ಬಗ್ಗಡಮಾಪಕ. ನೀರಿನಲ್ಲಿ ಮುಳುಗಿರುವ ಇದರ ಮೂತಿಯಿಂದ ಅವಗೆಂಪು ಕಿರಣವೊಂದು ಹೊರಡುತ್ತದೆ. ಕಣಗಳಿಗೆ ತಾಗಿ ಲಂಬ ದಿಕ್ಕಿಗೆ ಚೆದರಿದ ಬೆಳಕನ್ನು ಇನ್ನೊಂದು ಕಣ್ಣು ಅಳೆಯುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 96 ಅಂಕಿಗಳು. ಇವು ಮೊಬೈಲ್ ಜಾಲದ ಮೂಲಕವೋ ಉಪಗ್ರಹದ ಮೂಲಕವೋ ಕಂಪ್ಯೂಟರಿಗೆ ತಲಪುತ್ತವೆ. ಗಣಿಯ ಮೇಲೊಂದು, ಕೆಳಗೊಂದು ಮಾಪಕವಿಟ್ಟರೆ ನಡುವೆ ಸೇರಿದ ಹೂಳು ಬಯಲಾಗುತ್ತದೆ. ನದಿಯ ಒಡಲಿನಿಂದ ಮರಳೆತ್ತುವ ಕಡೆಗಳಿಗೂ ಇದೇ ಉಪಾಯ ಸಲ್ಲುತ್ತದೆ. ಹರಿವಿನ ಅಳತೆಯೂ ಜೊತೆಗೆ ಬೇಕು. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವೊಂದು ಹೊನ್ನಾಳಿಯಲ್ಲಿಯೇ ಇದೆ.

ಬಂದ ಅಂಕಿಗಳನ್ನು ಹೇಗೆ ವರದಿಮಾಡುತ್ತಾರೆ ಎಂಬುದು ಅಳತೆಯಷ್ಟೇ ಮುಖ್ಯವೆಂದು ನಮ್ಮ ಅಭಿಮತ. ತಿಂಗಳ ಸರಾಸರಿಯೊಂದನ್ನೇ ಬರೆದು ಕಳುಹಿಸಿದರೆ ಆ ಆರು ಗಂಟೆಗಳು ಅದರಲ್ಲಿ ಕರಗಿಹೋಗುತ್ತವೆ. ಪ್ರತಿಯೊಂದು ಅಂಕಿಯೊಡನೆ ಸ್ಥಳ, ದಿನಾಂಕ, ಗಂಟೆ, ಮಾನ, ಉಪಕರಣದ ಗುರುತು ಇರಬೇಕು. ತಿದ್ದಿದರೆ ಮೂಲವನ್ನು ಅಳಿಸದೆ, ತಿದ್ದಿದವರ ಹೆಸರನ್ನೂ ಕಾರಣವನ್ನೂ ಪಕ್ಕದಲ್ಲಿ ದಾಖಲಿಸಬೇಕು.

ಯಂತ್ರವೂ ಸುಳ್ಳಾಡುವುದುಂಟು. ಮಾಪಕದ ಗಾಜಿಗೆ ಪಾಚಿ ಕಟ್ಟಿದರೆ ತಿಳಿನೀರೂ ಬಗ್ಗಡವಾಗಿ ಕಾಣುತ್ತದೆ. ಮೇಲಾಗಿ ಅದು ಅಳೆಯುವುದು ಬೆಳಕನ್ನು, ತೂಕವನ್ನಲ್ಲ. ಚೆದರಿದ ಬೆಳಕನ್ನು ಮಿಲಿಗ್ರಾಮಿಗೆ ಪರಿವರ್ತಿಸಲು ಅದೇ ಹೊಳೆಯ ನೀರನ್ನು ಸೋಸಿ, ಒಣಗಿಸಿ, ತೂಗಿ ಹೋಲಿಸಲೇಬೇಕು. ಆದ್ದರಿಂದ ಹಳೆಯ ಸೀಸೆಗೆ ಇನ್ನೂ ಕೆಲಸವಿದೆ. ಗಾಜನ್ನು ಒರೆಸಲು ಬರುವವನು ಅದನ್ನೂ ತುಂಬಿಕೊಂಡು ಹೋಗುತ್ತಾನೆ.